ಸೋಲಾರಿಸ್ 11.4ರಲ್ಲಿ ಹಳೇ ಪ್ಯಾಕೇಜುಗಳನ್ನು ಹಾಗೇ ಬಿಡಬಹುದಾ, ಎಲ್ಲವನ್ನೂ ಐಪಿಎಸ್‌ಗೆ (ಹೊಸ ಪ್ಯಾಕೇಜ್ ಪದ್ಧತಿಗೆ) ತರಲೇಬೇಕಾ?

ನೈಟ್‌ಶಿಫ್ಟ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಸೋಲಾರಿಸ್ 10 (ಒರಾಕಲ್‌ನ ಯುನಿಕ್ಸ್ ಓಎಸ್) ಓಡುತ್ತಿರುವ ನಮ್ಮ ಮಶೀನುಗಳನ್ನು 11.4ಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಓಎಸ್ ಹಾಕೋದು ದೊಡ್ಡ ಮಾತಲ್ಲ. ತಲೆನೋವು ಅಂದರೆ ನಾವೇ ಒಳಗೆ ಕಟ್ಟಿಕೊಂಡ ಪ್ಯಾಕೇಜುಗಳು. ಒಟ್ಟು 37. ಎಲ್ಲವೂ ಹಳೇ ಎಸ್‌ವಿಆರ್4 ರೂಪದವು, ಪಿಕೆಜಿ-ಆ್ಯಡ್ ಕಮಾಂಡಿನಿಂದ ಹಾಕುವಂಥವು. ತೀರಾ ಹಳೆಯದರಲ್ಲಿ 2006ರ ತಾರೀಖಿದೆ. ಅದನ್ನು ಬರೆದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದಾರೆ.

11ರಲ್ಲಿ ಎಲ್ಲವೂ ಐಪಿಎಸ್, ಹಳೆಯದು ನಡೆಯಲ್ಲ ಅಂದುಕೊಂಡಿದ್ದೆ. ಟೆಸ್ಟ್ ಮಶೀನಿನಲ್ಲಿ ಸುಮ್ನೆ ಒಂದು ಹಾಕಿ ನೋಡಿದರೆ ಸಲೀಸಾಗಿ ಕೂತುಬಿಟ್ಟಿತು! ಕೆಲವು ಪ್ಯಾಕೇಜುಗಳು ಮಾತ್ರ, ಮೊದಲು ಬೇಕಾದ ಇನ್ನೊಂದು ಪ್ಯಾಕೇಜು ಇಲ್ಲ, ಮುಂದುವರಿಸಲೇ ಅಂತ ಕೇಳಿದವು. ಕೇಳಿದ ಹೆಸರುಗಳೆಲ್ಲ ಸನ್‌ಡಬ್ಲ್ಯು ಅಂತ ಶುರುವಾಗುವ ಹಳೇ ಸಿಸ್ಟಂ ಪ್ಯಾಕೇಜುಗಳದ್ದು. ವಿಚಿತ್ರ ಅಂದರೆ ಅಂಥದ್ದೇ ಬೇರೆ ಕೆಲವು ಹೆಸರುಗಳಿಗೆ ಏನೂ ತಕರಾರಿಲ್ಲ. ಅವು ಇವೆ ಅಂತಲೇ ಅದು ನಂಬಿದೆ. ಹೊಸ ಸಿಸ್ಟಂನಲ್ಲಿ ಆ ಹಳೇ ಹೆಸರು ಎಲ್ಲಿಂದ ಬಂತು?

ನಮ್ಮ ಮ್ಯಾನೇಜರ್ 37ನ್ನೂ ಒಂದೇ ಏಟಿಗೆ ಐಪಿಎಸ್‌ಗೆ ಬದಲಾಯಿಸಿ ಅನ್ನುತ್ತಾರೆ. ನಾನು ಸುಲಭದ್ದರಿಂದ ಶುರು ಮಾಡೋಣ ಅಂತ ರಿಪೋರ್ಟ್ ತೆಗೆಯುವ ಒಂದು ಸಣ್ಣ ಟೂಲ್ ಎತ್ತಿಕೊಂಡೆ. ಅದನ್ನು ಬೇರೆ ಯಾವ ಪ್ಯಾಕೇಜೂ ನೆಚ್ಚಿಕೊಂಡಿಲ್ಲ. ಪಿಕೆಜಿ-ಸೆಂಡ್ ಜನರೇಟ್ ಕೊಟ್ಟರೆ ಹತ್ತು ನಿಮಿಷದಲ್ಲಿ ಮ್ಯಾನಿಫೆಸ್ಟ್ (ಪ್ಯಾಕೇಜಿನಲ್ಲಿ ಏನೇನಿದೆ ಅನ್ನೋ ಪಟ್ಟಿ) ಬಂತು. ಖುಷಿಯಾಯಿತು. ಆಮೇಲೆ ಅದಕ್ಕೆ ಯಾವ ಪ್ಯಾಕೇಜುಗಳು ಬೇಕು ಅಂತ ಹುಡುಕಲು ಪಿಕೆಜಿ-ಡಿಪೆಂಡ್ ರಿಸಾಲ್ವ್ ಮಾಡಿದರೆ, ಟೂಲ್ ಬಳಸುವ ನಮ್ಮ ಬೇಸ್ ಲೈಬ್ರರಿ ಯಾವ ಪ್ಯಾಕೇಜಿನದ್ದು ಅಂತ ಸಿಗುತ್ತಿಲ್ಲ ಅನ್ನುತ್ತೆ. ಲೈಬ್ರರಿ ಅಲ್ಲೇ /ಆಪ್ಟ್ ಒಳಗೆ ಕಣ್ಣೆದುರಿಗೇ ಇದೆ! ಪಿಕೆಜಿ-ಆ್ಯಡ್‌ನಿಂದ ಹಾಕಿದ್ದೇನೆ. ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ.

ಹಳೇ ರೂಪದಲ್ಲೇ ಬಿಟ್ಟರೆ ಮುಂದೆ ಏನು ಕೆಡುತ್ತೆ? ಬದಲಾಯಿಸೋದಾದರೆ ಎಲ್ಲಿಂದ ಶುರು ಮಾಡಬೇಕು?

ಹಳೇ_ಸರ್ವರ್:

ಬಿಡಬಹುದು. ಎಲ್ಲವನ್ನೂ ತರಲೇಬೇಕು ಅಂತೇನಿಲ್ಲ. ಆದರೆ ನೀವು ಹಿಡಿದ ತುದಿ ಉಲ್ಟಾ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಮಶೀನಿನಲ್ಲಿ ಈಗ ಎರಡು ಲೆಕ್ಕದ ಪುಸ್ತಕ ಇವೆ. ಹಳೆಯದು /ವಾರ್/ಸ್ಯಾಡ್ಮ್ ಅಡಿಯಲ್ಲಿ, ಹೊಸದು /ವಾರ್/ಪಿಕೆಜಿ ಅಡಿಯಲ್ಲಿ. ಹೊಸದು ಹಳೇ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತೆ. ಆದರೆ ಹಳೇ ಪುಸ್ತಕವನ್ನು ಅದು ಯಾವತ್ತೂ ಓದಲ್ಲ. ಇಷ್ಟು ಗೊತ್ತಾದರೆ ನಿಮ್ಮ ಎರಡು ದಿನದ ಒದ್ದಾಟ ಯಾಕೆ ಅಂತ ಗೊತ್ತಾಗುತ್ತೆ. ಪಿಕೆಜಿ-ಡಿಪೆಂಡ್‌ಗೆ ಡಿಸ್ಕ್ ಮೇಲೆ ಫೈಲ್ ಇದ್ದರೆ ಸಾಲದು. ಆ ಫೈಲಿಗೆ ಐಪಿಎಸ್ ಲೆಕ್ಕದಲ್ಲಿ ಒಬ್ಬ ಯಜಮಾನ ಬೇಕು. ನಿಮ್ಮ ಬೇಸ್ ಲೈಬ್ರರಿಯ ಯಜಮಾನನ ಹೆಸರು ಹಳೇ ಪುಸ್ತಕದಲ್ಲಿದೆ, ಅಲ್ಲಿಗೆ ಅದು ಹೋಗಲ್ಲ.

ಇನ್ನು ಸನ್‌ಡಬ್ಲ್ಯು ಹೆಸರುಗಳ ವಿಷಯ. ಐಪಿಎಸ್ ಮ್ಯಾನಿಫೆಸ್ಟಿನಲ್ಲಿ ಪ್ರತಿ ಸಾಲೂ ಒಂದು ಆ್ಯಕ್ಷನ್. ಫೈಲ್, ಡೈರೆಕ್ಟರಿ, ಲಿಂಕ್, ಹೀಗೆ. ಅದರಲ್ಲಿ 'ಲೆಗಸಿ' ಅನ್ನೋ ಆ್ಯಕ್ಷನ್ ಕೂಡ ಒಂದಿದೆ. ಅದು ಒಂದೇ ಒಂದು ಫೈಲನ್ನೂ ತರಲ್ಲ. /ವಾರ್/ಸ್ಯಾಡ್ಮ್/ಪಿಕೆಜಿ ಒಳಗೆ ಹಳೇ ಹೆಸರಿನಲ್ಲಿ ಒಂದು ಪಿಕೆಜಿ-ಇನ್ಫೋ ಬರೆದಿಡುತ್ತೆ, ಅಷ್ಟೇ. ಪಿಕೆಜಿ-ಆ್ಯಡ್ ಬಂದು ನೋಡಿದಾಗ ಓಹೋ ಇದೆ ಅಂತ ನಂಬಿ ಮುಂದೆ ಹೋಗುತ್ತೆ. ಯಾವ ಸಿಸ್ಟಂ ಪ್ಯಾಕೇಜಿಗೆ ಈ ಸಾಲು ಸೇರಿಸಿದ್ದಾರೋ ಅದಕ್ಕೆ ತಕರಾರಿಲ್ಲ. ಸೇರಿಸದೇ ಇದ್ದದ್ದಕ್ಕೆ ನಿಮ್ಮನ್ನು ಕೇಳುತ್ತೆ.

ಈಗ ಇದನ್ನು ನಿಮ್ಮ 37ಕ್ಕೆ ಹೊಂದಿಸಿ ನೋಡಿ. ಬೇಸ್ ಲೈಬ್ರರಿಯನ್ನು ಮೊದಲು ಐಪಿಎಸ್‌ಗೆ ತಂದು, ಅದಕ್ಕೆ ಹಳೇ ಹೆಸರಿನ ಲೆಗಸಿ ಸಾಲು ಹಾಕಿದರೆ, ಅದನ್ನು ನಂಬಿಕೊಂಡ ಹಳೇ ಪ್ಯಾಕೇಜುಗಳು ಒಂದಕ್ಷರ ಬದಲಾಗದೆ ಮೊದಲಿನ ಹಾಗೇ ಕೂರುತ್ತವೆ. ತುದಿಯಲ್ಲಿರೋದನ್ನು ಮೊದಲು ತಂದರೆ ಅದರ ಕಾಲ ಕೆಳಗೆ ನೆಲ ಇರಲ್ಲ. ಹಾಗಾಗಿ ಬುಡದಿಂದ ಮೇಲಕ್ಕೆ ಬನ್ನಿ. ಸುಲಭದ್ದು ಮೊದಲು ಅಂತ ಹೋಗಬೇಡಿ. ಬುಡ ಬಂದ ಮೇಲೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನಿಮ್ಮ ಮ್ಯಾನೇಜರ್‌ಗೆ ಇದೊಂದು ಮಾತು ಹೇಳಿದರೆ ಸಾಕು.

ಬದಲಾಯಿಸುವಾಗ ಒಂದು ಎಚ್ಚರ. ಹಳೇ ಬೇಸನ್ನು ಪಿಕೆಜಿ-ಆರ್‌ಎಂ ಮಾಡಿ ತೆಗೆದ ಮೇಲೇ ಹೊಸದನ್ನು ಹಾಕಿ. ಹೊಸದನ್ನು ಹಾಕಿ ಆಮೇಲೆ ಹಳೆಯದನ್ನು ತೆಗೆದರೆ, ಅದೇ ಜಾಗದ ಫೈಲುಗಳನ್ನು ಪಿಕೆಜಿ-ಆರ್‌ಎಂ ತನ್ನವೇ ಅಂದುಕೊಂಡು ಅಳಿಸಿಬಿಡುತ್ತೆ. ಬೇರೆ ಪ್ಯಾಕೇಜುಗಳು ಇದನ್ನು ನಂಬಿಕೊಂಡಿವೆ ಅಂತ ಅದು ತಡೆಯುತ್ತೆ, ಆಗ ಅಡ್ಮಿನ್ ಫೈಲಿನಲ್ಲಿ (ಏನೇನು ತಪಾಸಣೆ ಮಾಡಬೇಕು ಅಂತ ಹೇಳುವ ಫೈಲು) ಆರ್‌ಡಿಪೆಂಡ್‌ಗೆ ನೋಚೆಕ್ ಅಂತ ಕೊಡಿ. ಆ ಅಡ್ಮಿನ್ ಫೈಲನ್ನು ಬೇರೆ ಕಡೆ ಇಡಿ, ಡೀಫಾಲ್ಟನ್ನೇ ತಿದ್ದಬೇಡಿ. ನಾನು ತಿದ್ದಿ ಮರೆತಿದ್ದೆ, ಆ ಕಥೆ ಬೇಡ ಬಿಡಿ.

ಇನ್ನೊಂದು ಕಥೆ ಮಾತ್ರ ಹೇಳಲೇಬೇಕು. ಹಳೆಯದನ್ನು ಬಿಟ್ಟರೆ ಏನು ಕೆಡುತ್ತೆ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಇದರಲ್ಲಿದೆ.

ನಾನು ಹಿಂದೆ ಇದ್ದ ಕಡೆ ಒಂದು ದಿನ ಮಧ್ಯಾಹ್ನ ಪಿಕೆಜಿ ಅಪ್‌ಡೇಟ್ ಕೊಟ್ಟೆ. ಅದು ಓಡುತ್ತಿರುವ ಸಿಸ್ಟಮ್ಮನ್ನು ಮುಟ್ಟಲಿಲ್ಲ. ಝಡ್‌ಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಒಂದು ಕ್ಲೋನ್ ಮಾಡಿ, ಹೊಸ ಬೂಟ್ ಎನ್ವಿರಾನ್ಮೆಂಟ್ (ಬೂಟ್ ಮಾಡಬಹುದಾದ ಸಿಸ್ಟಮ್ಮಿನ ಇನ್ನೊಂದು ಪ್ರತಿ) ಕಟ್ಟಿ, ಅದರೊಳಗೆ ಅಪ್‌ಡೇಟ್ ಮಾಡಿತು. ರೀಬೂಟ್ ರಾತ್ರಿ ಮಾಡೋಣ ಅಂತ ಬಿಟ್ಟೆ. ಸಂಜೆ ಸಹೋದ್ಯೋಗಿಯೊಬ್ಬರು ಅದೇ ಮಶೀನಿಗೆ ನಮ್ಮ ಅಪ್ಲಿಕೇಶನ್ನಿನ ಹೊಸ ವರ್ಷನ್ನನ್ನು ಪಿಕೆಜಿ-ಆ್ಯಡ್ ಮಾಡಿದರು. ಟೆಸ್ಟ್ ಮಾಡಿದರು, ಚೆನ್ನಾಗಿದೆ ಅಂತ ಮೇಲ್ ಹಾಕಿ ಮನೆಗೆ ಹೋದರು. ರಾತ್ರಿ ನಾನು ರೀಬೂಟ್ ಮಾಡಿದೆ. ಹೊಸ ವರ್ಷನ್ ಮಾಯ! ಹಳೇ ವರ್ಷನ್ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತಿದೆ. ನಾನು ಅವರನ್ನು ಎಬ್ಬಿಸಿ ನೀವು ಹಾಕೇ ಇಲ್ಲ ಅಂದೆ. ಅವರು ಹಾಕಿದ್ದೇನೆ ಅಂದರು. ಇಬ್ಬರದ್ದೂ ನಿಜವೇ. ಅವರು ಹಾಕಿದ್ದು ಓಡುತ್ತಿದ್ದ ಎನ್ವಿರಾನ್ಮೆಂಟಿಗೆ. ಮಧ್ಯಾಹ್ನ ಕ್ಲೋನ್ ಆಗಿದ್ದರಲ್ಲಿ ಅದು ಎಲ್ಲಿಂದ ಬರಬೇಕು?

ಬಿಇ-ಅಡ್ಮ್ ಲಿಸ್ಟ್ ಕೊಟ್ಟು ಒಂದು ಸಲ ನೋಡಿದ್ದರೆ ಸಾಕಿತ್ತು. ಅದರಲ್ಲಿ 'ಎನ್' ಅಂದರೆ ಈಗ ಓಡುತ್ತಿರುವುದು, 'ಆರ್' ಅಂದರೆ ರೀಬೂಟ್ ಆದಾಗ ಏಳುವುದು. ಎರಡೂ ಅಕ್ಷರ ಒಂದೇ ಸಾಲಿನಲ್ಲಿದ್ದರೆ ಧೈರ್ಯವಾಗಿ ಪಿಕೆಜಿ-ಆ್ಯಡ್ ಮಾಡಿ. ಎನ್ ಒಂದು ಸಾಲಿನಲ್ಲಿ, ಆರ್ ಇನ್ನೊಂದು ಸಾಲಿನಲ್ಲಿದ್ದರೆ ಕೈ ತೆಗೆಯಿರಿ. ಆಗಲೇ ಹಾಕಲೇಬೇಕು ಅಂದರೆ ಹೊಸ ಎನ್ವಿರಾನ್ಮೆಂಟನ್ನು ಮೌಂಟ್ ಮಾಡಿ, ಪಿಕೆಜಿ-ಆ್ಯಡ್‌ಗೆ ದೊಡ್ಡ ಆರ್ ಆಪ್ಷನ್ ಕೊಟ್ಟು ಅಲ್ಲಿಗೇ ಹಾಕಬಹುದು. ಆದರೆ ಪ್ಯಾಕೇಜಿನ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟು ಪಿಕೆಜಿ_ಇನ್‌ಸ್ಟಾಲ್_ರೂಟ್ ವೇರಿಯಬಲ್ಲನ್ನು ಗಮನಿಸುವ ಹಾಗೆ ಬರೆದಿರಬೇಕು. 2006ರವರು ಬರೆದಿರುತ್ತಾರಾ? ನನಗೆ ಡೌಟು. ಇಲ್ಲದಿದ್ದರೆ ಫೈಲುಗಳು ಹೊಸದಕ್ಕೆ ಹೋಗುತ್ತವೆ, ಸ್ಕ್ರಿಪ್ಟಿನ ಕೆಲಸ ಮಾತ್ರ ಓಡುತ್ತಿರುವ ಸಿಸ್ಟಂ ಮೇಲೆ ನಡೆದುಹೋಗುತ್ತೆ.

/ಆಪ್ಟ್ ಅನ್ನು ಬೇರೆ ಡೇಟಾಸೆಟ್ (ಬೂಟ್ ಎನ್ವಿರಾನ್ಮೆಂಟಿನ ಹೊರಗಿನ ಝಡ್‌ಎಫ್‌ಎಸ್ ಭಾಗ) ಮಾಡಿಕೊಂಡಿದ್ದೀರಾ? ಹಾಗಿದ್ದರೆ ಇದರ ಉಲ್ಟಾ ತಮಾಷೆ ನಡೆಯುತ್ತೆ. ಹಳೇ ಎನ್ವಿರಾನ್ಮೆಂಟಿಗೆ ವಾಪಸ್ ಹೋದಾಗ /ವಾರ್/ಸ್ಯಾಡ್ಮ್ ಹಿಂದಕ್ಕೆ ಹೋಗುತ್ತೆ, /ಆಪ್ಟ್ ಇದ್ದಲ್ಲೇ ಇರುತ್ತೆ. ಪುಸ್ತಕದಲ್ಲಿ ಪ್ಯಾಕೇಜು ಇಲ್ಲ, ಡಿಸ್ಕಿನಲ್ಲಿ ಇದೆ.

ಡೆಬ್_ಕೈಚಳಕ:

ಸೋಲಾರಿಸ್ ನನಗೆ ಗೊತ್ತಿಲ್ಲ, ಲಿನಕ್ಸ್ ಕಡೆಯವನು. ಆದರೆ ಇದೇ ಪಾಡು ನಮ್ಮದೂ, ಅದಕ್ಕೇ ಬರೆಯುತ್ತಿದ್ದೇನೆ.

ಏಲಿಯನ್ ಅಂತ ಒಂದು ಟೂಲ್ ಇದೆ, ಆರ್‌ಪಿಎಂ ಪ್ಯಾಕೇಜು ಕೊಟ್ಟರೆ ಡೆಬ್ ಪ್ಯಾಕೇಜು ಮಾಡಿಕೊಡುತ್ತೆ. ಮೊದಲ ಸಲ ನೋಡಿದಾಗ ಮ್ಯಾಜಿಕ್ ಅನ್ನಿಸಿತ್ತು. ಒಬ್ಬ ವೆಂಡರ್ ಆರ್‌ಪಿಎಂ ಮಾತ್ರ ಕೊಡುತ್ತಿದ್ದರು, ಬದಲಾಯಿಸಿ ಹಾಕಿದೆ. ಇನ್‌ಸ್ಟಾಲ್ ಆಯಿತು, ಒಂದು ವಾರ್ನಿಂಗೂ ಇಲ್ಲ. ಸರ್ವಿಸ್ ಮಾತ್ರ ಏಳಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ಆ ಸರ್ವಿಸ್‌ಗೆ ಬೇಕಾದ ಯೂಸರ್ ಅಕೌಂಟೇ ಇಲ್ಲ. ಅದನ್ನು ಮಾಡುತ್ತಿದ್ದದ್ದು ಆರ್‌ಪಿಎಂ ಒಳಗಿನ ಸ್ಕ್ರಿಪ್ಟು. ಏಲಿಯನ್ ಕೇಳದೆ ಸ್ಕ್ರಿಪ್ಟುಗಳನ್ನು ತರಲ್ಲ, ಸ್ಕ್ರಿಪ್ಟ್ಸ್ ಅಂತ ಆಪ್ಷನ್ ಕೊಡಬೇಕು. ಕೊಟ್ಟ ಮೇಲೂ ಬೇರೆ ಡಿಸ್ಟ್ರೋಗೆ ಬರೆದ ಸ್ಕ್ರಿಪ್ಟು ನಮ್ಮಲ್ಲಿ ಸರಿಯಾಗಿ ಓಡುತ್ತೆ ಅಂತ ಏನು ಗ್ಯಾರಂಟಿ?

ಒಂದೇ ಫಾರ್ಮ್ಯಾಟ್ ಇದ್ದರೂ ಸಮಸ್ಯೆ ತಪ್ಪಿದ್ದಲ್ಲ ನೋಡಿ. ಉಬುಂಟು 21.10ರಿಂದ ಡೆಬ್ ಒಳಗಿನ ಕಂಪ್ರೆಷನ್ ಝಡ್‌ಸ್ಟ್ಯಾಂಡರ್ಡ್ ಆಯಿತು. ಆ ಡೆಬ್ಬನ್ನು ಡೆಬಿಯನ್ 11ಕ್ಕೆ ಕೊಟ್ಟರೆ ಇದು ಯಾವ ಕಂಪ್ರೆಷನ್ನೋ ಗೊತ್ತಿಲ್ಲ ಅಂತ ಡೆಬ್ ಹಾಕುವ ಡಿಪಿಕೆಜಿ ಕೈ ಚೆಲ್ಲುತ್ತೆ. ನಾನು ಅದನ್ನು ಬಿಚ್ಚಿ ಎಕ್ಸ್‌ಝಡ್‌ನಲ್ಲಿ ಮತ್ತೆ ಕಟ್ಟಿದೆ. ಡೆಬ್ ಅಂದರೆ ಒಂದು ಎಆರ್ ಆರ್ಕೈವ್, ಒಳಗೆ ಮೂರೇ ವಸ್ತು. ಮೊದಲನೆಯದು ಡೆಬಿಯನ್-ಬೈನರಿ ಅನ್ನೋ ಪುಟ್ಟ ಫೈಲು, ಅದರಲ್ಲಿ 2.0 ಅಂತ ಬರೆದಿರುತ್ತೆ, ಅಷ್ಟೇ. ಆಮೇಲೆ ಕಂಟ್ರೋಲ್, ಆಮೇಲೆ ಡೇಟಾ. ನಾನು ಆ ಪುಟ್ಟ ಫೈಲನ್ನು ಕೊನೆಗೆ ಸೇರಿಸಿದ್ದೆ. ಇದು ಡೆಬ್ಬೇ ಅಲ್ಲ ಅಂದುಬಿಟ್ಟಿತು!

ನಾನು ಕಂಡ ಹಾಗೆ ಫೈಲು ಬದಲಾಯಿಸೋದು ಕಷ್ಟವಲ್ಲ. ಇನ್‌ಸ್ಟಾಲ್ ಆಗುವಾಗ ಸ್ಕ್ರಿಪ್ಟು ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು ಅಂತ ಹುಡುಕೋದೇ ಕಷ್ಟ. ನಿಮ್ಮ 37ರಲ್ಲಿ ಎಷ್ಟಕ್ಕೆ ಸ್ಕ್ರಿಪ್ಟಿದೆ ಅಂತ ಮೊದಲು ಎಣಿಸಿ.

ಒಂದೇ_ಏಟು:

ನನ್ನದು ಬೇರೆ ಅಭಿಪ್ರಾಯ. ಎರಡು ದೋಣಿಯ ಮೇಲೆ ಕಾಲಿಟ್ಟರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಬುಡ ಮಾಡಿ ನಿಲ್ಲಿಸಬಹುದು ಅಂದರೆ ಅಲ್ಲೇ ನಿಂತುಹೋಗುತ್ತೆ, ಮೇಲಿನದ್ದು ಯಾರೂ ಮಾಡಲ್ಲ. ಐದು ವರ್ಷ ಬಿಟ್ಟು ಬಂದವರು ಒಂದು ಫೈಲ್ ಯಾರದ್ದು ಅಂತ ಹುಡುಕಲು ಎರಡು ಕಮಾಂಡ್ ಕಲಿಯಬೇಕು. ಪಿಕೆಜಿ-ಚೆಕ್ ಕೊಟ್ಟರೆ ಐಪಿಎಸ್ ಫೈಲ್ ಗೊತ್ತಿಲ್ಲ ಅನ್ನುತ್ತೆ, ಪಿಕೆಜಿ ಸರ್ಚ್ ಕೊಟ್ಟರೆ ಹಳೇ ಫೈಲ್ ಗೊತ್ತಿಲ್ಲ ಅನ್ನುತ್ತೆ. 37 ಏನು ಮಹಾ? ಒಂದು ತಿಂಗಳು ಕೂತು ಮುಗಿಸಿಬಿಡಿ.

ಹಳೇ_ಸರ್ವರ್:

@ಒಂದೇ_ಏಟು, ಎರಡು ಕಮಾಂಡ್ ಮಾತು ಒಪ್ಪಿದೆ. ನಮ್ಮಲ್ಲಿ ಎರಡನ್ನೂ ಕೇಳುವ ಹತ್ತು ಸಾಲಿನ ಸ್ಕ್ರಿಪ್ಟು ಬರೆದುಕೊಂಡಿದ್ದೇವೆ. ಒಂದು ತಿಂಗಳ ಲೆಕ್ಕ ಮಾತ್ರ ಒಪ್ಪಲ್ಲ. ಸ್ಕ್ರಿಪ್ಟಿಲ್ಲದ ಪ್ಯಾಕೇಜು ಅರ್ಧ ಗಂಟೆ. ಸ್ಕ್ರಿಪ್ಟಿರುವುದು ಮೂರು ದಿನ ತಿಂದದ್ದೂ ಇದೆ.

ನೈಟ್‌ಶಿಫ್ಟ್:

@ಹಳೇ_ಸರ್ವರ್ ಸರ್, ತುಂಬಾ ಥ್ಯಾಂಕ್ಸ್. ಬೇಸ್ ಲೈಬ್ರರಿಯಿಂದಲೇ ಶುರು ಮಾಡುತ್ತೇನೆ. ಕೈಚಳಕದವರು ಹೇಳಿದ ಹಾಗೆ ಎಣಿಸಿದೆ. 37ರಲ್ಲಿ 14ಕ್ಕೆ ಸ್ಕ್ರಿಪ್ಟಿದೆ. ಹೆಚ್ಚಿನವು ಯೂಸರ್ ಮಾಡುತ್ತವೆ, ಕಾನ್ಫಿಗ್ ಫೈಲ್ ತಿದ್ದುತ್ತವೆ. ಎರಡರಲ್ಲಿ ರಿಕ್ವೆಸ್ಟ್ ಸ್ಕ್ರಿಪ್ಟಿದೆ, ಹಾಕುವಾಗ ಪೋರ್ಟ್ ನಂಬರ್ ಎಷ್ಟು ಅಂತ ಕೂತು ಕೇಳುತ್ತೆ. ಇನ್ನೊಂದು ಹೊರಗಿನ ವೆಂಡರಿನದ್ದು, ಸೋರ್ಸ್ ಇಲ್ಲ, ಒಳಗೆ ಸೋಲಾರಿಸ್ ವರ್ಷನ್ ನೋಡಿ 10 ಅಲ್ಲದಿದ್ದರೆ ಓಡಲ್ಲ ಅಂತ ನಿಂತುಬಿಡುತ್ತೆ. ಐಪಿಎಸ್‌ನಲ್ಲಿ ಸ್ಕ್ರಿಪ್ಟೇ ಇಲ್ಲವಂತಲ್ಲ, ಇವನ್ನೇನು ಮಾಡಲಿ?

ಹಳೇ_ಸರ್ವರ್:

ಸರ್ ಅಲ್ಲ, ಮೇಡಂ. ಇರಲಿ ಬಿಡಿ, ಸರ್ವರ್ ಅನ್ನೋ ಹೆಸರಲ್ಲೇ ಸರ್ ಇದೆ, ತಪ್ಪು ನನ್ನದೇ.

ಹೌದು, ಹಾಕುವಾಗ ಮನಸ್ಸಿಗೆ ಬಂದದ್ದು ಮಾಡುವ ಸ್ಕ್ರಿಪ್ಟಿಗೆ ಐಪಿಎಸ್‌ನಲ್ಲಿ ಜಾಗ ಇಲ್ಲ. ಬೇಕಂತಲೇ ಇಟ್ಟಿಲ್ಲ. ಓಡದೇ ಇರುವ ಕ್ಲೋನ್ ಒಳಗೆ ಅದು ಪ್ಯಾಕೇಜು ಹಾಕುತ್ತಲ್ಲ, ಅಲ್ಲಿ ನಮ್ಮ ಸ್ಕ್ರಿಪ್ಟು ಎಲ್ಲಿ ಏನು ಮುಟ್ಟುತ್ತೋ ಯಾರಿಗೆ ಗೊತ್ತು? ಆ ಪಿಕೆಜಿ_ಇನ್‌ಸ್ಟಾಲ್_ರೂಟ್ ಗೋಳೇ ಬೇಡ ಅಂತ ಸ್ಕ್ರಿಪ್ಟನ್ನೇ ತೆಗೆದರು.

ಯೂಸರ್ ಮಾಡೋದು ಸುಲಭ. ಯೂಸರ್ ಮತ್ತು ಗ್ರೂಪ್ ಆ್ಯಕ್ಷನ್ನುಗಳೇ ಇವೆ, ಮ್ಯಾನಿಫೆಸ್ಟಿನಲ್ಲಿ ಒಂದೊಂದು ಸಾಲು. ಡ್ರೈವರ್ ಇದ್ದರೆ ಅದಕ್ಕೂ ಇದೆ. ಕಾನ್ಫಿಗ್ ತಿದ್ದುವ ಕೆಲಸವನ್ನು ಒಂದು ಸಣ್ಣ ಎಸ್‌ಎಂಎಫ್ (ಸೋಲಾರಿಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಿ ಅದಕ್ಕೆ ಒಪ್ಪಿಸಿ. ಪ್ಯಾಕೇಜು ತನ್ನ ತುಣುಕನ್ನು ಒಂದು ಡೈರೆಕ್ಟರಿಯಲ್ಲಿ ಇಟ್ಟು ಸುಮ್ಮನಾಗುತ್ತೆ. ಬೂಟ್ ಆದ ಮೇಲೆ ಸರ್ವಿಸ್ ಎದ್ದು ತುಣುಕುಗಳನ್ನು ಸೇರಿಸಿ ಪೂರ್ತಿ ಫೈಲ್ ಕಟ್ಟುತ್ತೆ. ಓಡುತ್ತಿರುವ ಸಿಸ್ಟಂಗೇ ಹಾಕಿದರೆ ಆ ಸರ್ವಿಸನ್ನು ರೀಸ್ಟಾರ್ಟ್ ಮಾಡು ಅಂತ ಫೈಲಿನ ಸಾಲಿಗೇ ಒಂದು ಗುರುತು ಹಾಕಬಹುದು, ಅದಕ್ಕೆ ಆ್ಯಕ್ಚುಯೇಟರ್ ಅನ್ನುತ್ತಾರೆ.

ಪೋರ್ಟ್ ನಂಬರ್ ಕೇಳುವ ಎರಡನ್ನು ಸದ್ಯಕ್ಕೆ ಹಳೇ ರೂಪದಲ್ಲೇ ಬಿಡಿ. ಪಿಕೆಜಿ-ಆಸ್ಕ್‌ನಿಂದ ಉತ್ತರದ ಫೈಲ್ ಒಮ್ಮೆ ಮಾಡಿಟ್ಟುಕೊಂಡರೆ ಆಮೇಲೆ ಪಿಕೆಜಿ-ಆ್ಯಡ್ ಮತ್ತೆ ಕೇಳಲ್ಲ. ವೆಂಡರಿನದ್ದಕ್ಕೆ ಸೋಲಾರಿಸ್ 10 ಬ್ರ್ಯಾಂಡೆಡ್ ಝೋನ್ ಮಾಡಿ. 11ರ ಮೇಲೇ 10ರ ವಾತಾವರಣ ಸಿಗುತ್ತೆ, ಅದು ಅಲ್ಲಿ ಆರಾಮಾಗಿರಲಿ.

ಒಂದು ಮರೆತಿದ್ದೆ. ಹಳೇ ಪದ್ಧತಿಯಲ್ಲಿ ಒಂದೇ ಫೈಲಿಗೆ ಎರಡು ಪ್ಯಾಕೇಜು ಯಜಮಾನರಾಗಬಹುದು. ಯಾವ ಫೈಲ್ ಯಾರದ್ದು ಅಂತ ಬರೆದಿರುವ ಕಂಟೆಂಟ್ಸ್ ಫೈಲಿನಲ್ಲಿ ಆ ಸಾಲಿನ ಕೊನೆಗೆ ಎರಡು ಹೆಸರು ಇರುತ್ತೆ. ಐಪಿಎಸ್ ಇದನ್ನು ಸಾಮಾನ್ಯವಾಗಿ ಒಪ್ಪಲ್ಲ. ಡೈರೆಕ್ಟರಿ ಹಂಚಿಕೊಳ್ಳಬಹುದು, ಆದರೆ ಓನರ್, ಗ್ರೂಪ್, ಮೋಡ್ (ಯಾರಿಗೆ ಏನು ಅನುಮತಿ ಅನ್ನೋ ಅಂಕಿ) ಮೂರೂ ಒಂದೇ ಇರಬೇಕು. ಒಂದರಲ್ಲಿ 755, ಇನ್ನೊಂದರಲ್ಲಿ 775 ಅಂತಿದ್ದರೆ ಎರಡನೆಯದು ಒಳಗೇ ಬರಲ್ಲ. ಬದಲಾಯಿಸುವ ಮೊದಲೇ ಕಂಟೆಂಟ್ಸ್ ಫೈಲನ್ನು ಗ್ರೆಪ್ ಮಾಡಿ ನೋಡಿಕೊಳ್ಳಿ.

ನೈಟ್‌ಶಿಫ್ಟ್:

ಮೇಡಂ, ಕ್ಷಮಿಸಿ! ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಬೇರೆಯವರಿಗೂ ಉಪಯೋಗ ಆಗಲಿ ಅಂತ.

ಬೇಸ್ ಲೈಬ್ರರಿ ಐಪಿಎಸ್‌ಗೆ ಬಂತು. ಲೆಗಸಿ ಸಾಲು ಹಾಕಿದೆ, ಪಿಕೆಜಿ-ಇನ್ಫೋದಲ್ಲಿ ಹಳೇ ಹೆಸರು ಕಾಣಿಸಿತು. ಅಬ್ಬಾ ಅಂದುಕೊಂಡು ಅದನ್ನು ನಂಬಿಕೊಂಡ ಲಾಗ್ ಕಲೆಕ್ಟರನ್ನು ಪಿಕೆಜಿ-ಆ್ಯಡ್ ಮಾಡಿದರೆ, ಮತ್ತೆ ಅದೇ ತಕರಾರು. ಬೇಸ್ ಬೇಕು, ಇಲ್ಲ ಅಂತ. ಹೆಸರು ಇದೆಯಲ್ಲಪ್ಪಾ!

ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಕೊನೆಗೆ ಲಾಗ್ ಕಲೆಕ್ಟರಿನ ಡಿಪೆಂಡ್ ಫೈಲ್ ತೆಗೆದು ನೋಡಿದೆ. ಬೇಸಿನ ಹೆಸರಿನ ಕೆಳಗೆ, ಸ್ವಲ್ಪ ಒಳಕ್ಕೆ ಸರಿಸಿ ಒಂದು ವರ್ಷನ್ ಬರೆದಿದ್ದಾರೆ. 3.1ಬಿ. ಐಪಿಎಸ್‌ನಲ್ಲಿ ವರ್ಷನ್ ಅಂದರೆ ಚುಕ್ಕೆ ಇಟ್ಟು ಬೇರ್ಪಡಿಸಿದ ಅಂಕಿ ಮಾತ್ರ, ಅಕ್ಷರ ತಗೊಳ್ಳಲ್ಲ. ಹಾಗಾಗಿ ನಾನು 3.1.2 ಅಂತ ಮಾಡಿದ್ದೆ. ಲೆಗಸಿ ಸಾಲಿನಲ್ಲಿ ವರ್ಷನ್ ಬರೆದಿರಲಿಲ್ಲ. ಬರೆಯದಿದ್ದರೆ ಅದು ಪ್ಯಾಕೇಜಿನ ವರ್ಷನ್ನನ್ನೇ ತಗೊಳ್ಳುತ್ತೆ. ಹಳೇ ಪುಸ್ತಕದಲ್ಲಿ 3.1.2 ಅಂತ ಬಿದ್ದಿದೆ, ಲಾಗ್ ಕಲೆಕ್ಟರ್ 3.1ಬಿ ಕೇಳುತ್ತಿದೆ. ಲೆಗಸಿ ಸಾಲಿಗೆ ವರ್ಷನ್=3.1ಬಿ ಅಂತ ಕೈಯಾರೆ ಸೇರಿಸಿ ಮತ್ತೆ ಪಬ್ಲಿಶ್ ಮಾಡಿದೆ. ಪಿಕೆಜಿ-ಆ್ಯಡ್ ಈ ಸಲ ತುಟಿ ಪಿಟಕ್ ಅನ್ನಲಿಲ್ಲ.

775 ಗೋಳು ನಮಗೂ ಇತ್ತು, ಲಾಗ್ ಡೈರೆಕ್ಟರಿಯಲ್ಲಿ. ಮೊದಲೇ ಗ್ರೆಪ್ ಮಾಡಿದ್ದರಿಂದ ಸಿಕ್ಕಿಬಿತ್ತು.

ಸದ್ಯದ ಲೆಕ್ಕ: 9 ಐಪಿಎಸ್‌ಗೆ ಬಂದಿವೆ, 27 ಹಳೇ ರೂಪದಲ್ಲೇ ಇವೆ, ವೆಂಡರಿನದೊಂದು ಝೋನ್ ಒಳಗಿದೆ. ಒಂದೇ_ಏಟು ಅವರ ಭಯ ಸುಳ್ಳಲ್ಲ, ಆ 27 ಯಾವಾಗ ಮಾಡುತ್ತೀರಿ ಅಂತ ಮ್ಯಾನೇಜರ್ ಆಗಲೇ ಎರಡು ಸಲ ಕೇಳಿದರು. ಬದಲಾಗಬೇಕಾದದ್ದು ಬಂದಾಗ ಆಯಾ ಪ್ಯಾಕೇಜು ಬದಲಾಯಿಸುತ್ತೇವೆ ಅಂದಿದ್ದೇನೆ. ರಿಪೋರ್ಟ್ ಟೂಲ್ ಇವತ್ತು ರಿಸಾಲ್ವ್ ಆಯಿತು.

ಹಳೇ_ಸರ್ವರ್:

ಆ 3.1ಬಿ ಬಗ್ಗೆ ಮ್ಯಾನಿಫೆಸ್ಟಿನಲ್ಲೇ ಒಂದು ಕಾಮೆಂಟ್ ಬರೆದಿಡಿ. ಮುಂದಿನವರು ಇದೇನಿದು ತಪ್ಪಾಗಿದೆ ಅಂತ ತಿದ್ದಿಬಿಡುತ್ತಾರೆ.

ನೈಟ್‌ಶಿಫ್ಟ್:

ಬರೆದೆ ಮೇಡಂ. ತಾರೀಖು ಸಮೇತ.